ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ

ನಮ್ಮೂರ ನಾಟಕ ಸಂಘದ ಕೊಳಲು ಮೂರು ವರ್ಷದ ಹಿಂದೆ ಬ್ಯಾಸಿಗೆಯಲ್ಲಿ ಸೀಳಿತು. ಬಿದಿರಿನದ್ದಲ್ಲ, ಮರದ ಕೊಳಲು. ಎರಡು ತುಂಡು ಮಾಡಿ, ನಡುವೆ ಹಿತ್ತಾಳಿ ಬಳೆ ಹಾಕಿ ಕೂಡಿಸಿದ್ದರು. ಊರಿನ ಬಡಿಗೇರ ಅಜ್ಜ ಒಬ್ಬರು ಅದನ್ನು ಮಾಡಿಕೊಟ್ಟಿದ್ದರಂತೆ. ಅವರು ಸನಾದಿ ಕಡೆಯುವುದನ್ನೂ ಬಲ್ಲವರು. ಅವರು ತೀರಿಕೊಂಡು ನಲವತ್ತು ವರ್ಷದ ಮೇಲಾಗಿದೆ. ಕೊಳಲು ನುಡಿಸುತ್ತಿದ್ದ ದೊಡ್ಡಪ್ಪನ ಗೆಳೆಯರೂ ಈಗಿಲ್ಲ. ಅವರ ಮೊಮ್ಮಗ, ಪಿಯುಸಿ ಹುಡುಗ, ಅಜ್ಜನ ಕೊಳಲು ಕೈಗೆತ್ತಿಕೊಂಡು ಒಂದೆರಡು ರಂಗಗೀತೆ ಕಲಿಯುವಷ್ಟರಲ್ಲಿ ಅದು ಉದ್ದಕ್ಕೆ ಬಿರುಕು ಬಿಟ್ಟಿತ್ತು.

ದೊಡ್ಡಪ್ಪ ಫೋನ್ ಮಾಡಿ ಹೇಳಿದ್ದು ಇಷ್ಟೇ: "ತಮ್ಮಾ, ಬೆಂಗಳೂರಾಗ ಸಿಗತೈತೇನು ನೋಡು. ಕರಿ ಒಂದರ ಪಟ್ಟಿ. ನಮ್ಮ ಪೇಟಿಗಿ ಕೂಡಬೇಕ್ ನೋಡಪಾ."

ಇದೇನು ದೊಡ್ಡ ಕೆಲಸ ಅಂದುಕೊಂಡೆ. ಆರ್ಡರ್ ಮಾಡಿದೆ, ನಾಲ್ಕು ದಿನಕ್ಕೆ ಬಂತು. ಚೊಲೋ ಬಿದಿರಿನ ಕೊಳಲು. ಊರಿಗೆ ತಗೊಂಡು ಹೋಗಿ ಹುಡುಗನ ಕೈಗೆ ಕೊಟ್ಟೆ. ದೊಡ್ಡಪ್ಪ ಪೇಟಿ ತುಳಿದು ಷಡ್ಜ ಹಿಡಿದ. ಹುಡುಗ ಊದಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಕೂಡವಲ್ದು" ಅಂದ ದೊಡ್ಡಪ್ಪ. ಮುಂದಿನ ಸಲ ಒಂದು ಮನೆ ಮೇಲಿನದು, ಬಿಳಿ ಎರಡು, ತಂದೆ. ಅದೂ ಕೂಡಲಿಲ್ಲ. ಮೊದಲನೆಯದು ಕೆಳಗೆ ಬೀಳುತ್ತಿತ್ತು, ಎರಡನೆಯದು ಮೇಲೆ ಹೋಗುತ್ತಿತ್ತು.

ಸಂಗೀತ ಗೊತ್ತಿಲ್ಲದವರಿಗೆ ಒಂದು ಮಾತು. ಕೊಳಲಿಗೆ ಪೇಟಿಯ ಹಂಗೆ ಎಲ್ಲ ಪಟ್ಟಿಯಲ್ಲೂ ಸಲೀಸಾಗಿ ನುಡಿಸಲು ಆಗುವುದಿಲ್ಲ. ಒಂದು ಕೊಳಲಿಗೆ ಒಂದು ಷಡ್ಜ. ಅದು ಬೇರೆ ಬೇಕೆಂದರೆ ಕೊಳಲೇ ಬೇರೆ ಬೇಕು. ಆ ಷಡ್ಜವನ್ನು ಗುರುತಿಸಲು ಪೇಟಿಯ ಕೀಲಿಗಳ ಹೆಸರನ್ನೇ ಬಳಸುತ್ತಾರೆ. ನಮ್ಮ ಕಡೆ ಕರಿ ಒಂದು, ಬಿಳಿ ಎರಡು, ಕರಿ ಎರಡು ಅಂತೇವೆ. ಮೈಸೂರು ಕಡೆ ಅದನ್ನೇ ಒಂದೂವರೆ ಮನೆ, ಎರಡು ಮನೆ, ಎರಡೂವರೆ ಮನೆ ಅಂತಾರೆ. ನಮಗೆ ಬೇಕಾಗಿದ್ದದ್ದು ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವಿನದು. ಅಂಥ ಮನೆ ಯಾವ ಅಂಗಡಿಯ ಪಟ್ಟಿಯಲ್ಲೂ ಇರಲಿಲ್ಲ. ಕೊಳಲು ಮಾಡುವವರೊಬ್ಬರು ಫೋನಿನಲ್ಲಿ ನಕ್ಕು, "ಕೊಳಲು ಯಾಕ್ರಿ ಹುಡುಕ್ತೀರಿ, ಪೇಟಿ ತಿದ್ದಿಸ್ರಿ" ಅಂದರು.

ಪೇಟಿ ತಿದ್ದಿಸುವುದು ದೊಡ್ಡಪ್ಪನಿಗೆ ಇಷ್ಟವಿರಲಿಲ್ಲ. ಮುದುಕರ ಹಟ ಅಂತ ನನಗೆ ಆಗ ಅನ್ನಿಸಿತ್ತು. ಆದರೆ ಆ ಪೇಟಿ ಯಾಕೆ ಹಿಂಗಿದೆ ಅಂತ ಹುಡುಕಲು ಹೊರಟ ಮೇಲೆ ಅಭಿಪ್ರಾಯ ಬದಲಾಯಿತು. ಈ ಬರಹ ಆ ಹುಡುಕಾಟದ್ದು.

ಮೊದಲು ಪೇಟಿಯ ಮಾತು. ನಮ್ಮೂರು ಬನಶಂಕರಿಯಿಂದ ದೂರವಿಲ್ಲ. ಬಾದಾಮಿಯಿಂದ ಐದು ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ ಅಮ್ಮನ ಗುಡಿ, ಎದುರಿಗೆ ಹರಿದ್ರಾತೀರ್ಥದ ಹೊಂಡ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ತೇರು ಒಂದು ದಿನ ಎಳೆದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಮ್ಮ ಕಡೆಯವರಿಗೆ ಆ ಜಾತ್ರೆ ಅಂದರೆ ಮೂರು ಕಾರಣ: ಅಮ್ಮನ ದರ್ಶನ, ಮನೆ ಕಟ್ಟುವವರಿಗೆ ಬಾಗಿಲು ಚೌಕಟ್ಟಿನ ಪೇಟೆ, ಮತ್ತೆ ನಾಟಕ. ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಒಂದರ ಹಾಡು ಮುಗಿಯುವ ಮೊದಲೇ ಪಕ್ಕದ ಟೆಂಟಿನ ಮೈಕು ಶುರು. ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದು ರಾತ್ರಿ ಪೂರ್ತಿ ನಾಟಕ ನೋಡಿ ಬೆಳಗಿನ ಬಸ್ಸಿಗೆ ಊರಿಗೆ ಹೋದವರ ಪೈಕಿ ನಾನೂ ಒಬ್ಬ.

ಈ ನಾಟಕಗಳ ಹಿಂದಿನ ಚರಿತ್ರೆ ಉದ್ದವಿದೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯಿಂದ ಹೋಗಿದ್ದ ಭಾಗವತ ಮೇಳದ ಆಟ. 1880ರಲ್ಲಿ 'ಸಂಗೀತ ಶಾಕುಂತಲ' ತಂದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದೂ ಇದೇ ಕಾಲದ ಆಸುಪಾಸು. ಆಮೇಲೆ ಗರೂಡ ಸದಾಶಿವರಾಯರು, ಏಣಗಿ ಬಾಳಪ್ಪ, ಹೀಗೆ ಸಾಲು. ಮಲ್ಲಿಕಾರ್ಜುನ ಮನಸೂರ ಅವರೂ ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರೇ. ಇವೆಲ್ಲ ಹಾಡಿನ ನಾಟಕಗಳು. ಮೈಕು ಇಲ್ಲದ ಕಾಲದಲ್ಲಿ ಸಾವಿರ ಜನಕ್ಕೆ ಕೇಳುವಂತೆ ಷಡ್ಜ ಹಿಡಿಯಲು ಪೇಟಿ ಬೇಕೇ ಬೇಕಿತ್ತು. ಕಾಲಲ್ಲಿ ಗಾಳಿ ತುಳಿದು ಎರಡೂ ಕೈಯಿಂದ ನುಡಿಸುವ ಪಾಯಪೇಟಿ ರಂಗದ ಮುಂದೆ ಕಾಯಂ. ಪೇಟಿ ಮಾಸ್ತರ ಅಂದರೆ ಅರ್ಧ ಕಂಪನಿ ಅಂತಿದ್ದರು.

ದೊಡ್ಡಪ್ಪ ಪೇಟಿ ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಅಂಧ ಮಾಸ್ತರರೊಬ್ಬರ ಹತ್ತಿರ. ಆ ಆಶ್ರಮದ ಬೇರು ನಮ್ಮ ಊರ ಬಗಲಲ್ಲೇ ಇದೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭಾ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದರು. ಅವರು ಸಾಕಿ ಸಂಗೀತ ಕಲಿಸಿದ ಅಂಧ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿ ಆದರು. ಅವರ ಶಿಷ್ಯರು ಪುಟ್ಟರಾಜ ಗವಾಯಿ. ಆಶ್ರಮದ ಹೊಟ್ಟೆ ತುಂಬಿಸಲು ಅವರೂ ನಾಟಕ ಕಂಪನಿ ನಡೆಸಿದ್ದರು, ನಾಟಕ ಬರೆದಿದ್ದರು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಸಂಗೀತ ಮಾಸ್ತರರಾದರು. ನಮ್ಮೂರಿನಂಥ ಹಳ್ಳಿಗೆ ಸ್ವರಜ್ಞಾನ ಬಂದದ್ದು ಈ ದಾರಿಯಲ್ಲಿ.

ನಮ್ಮ ಸಂಘದ ಪಾಯಪೇಟಿ ಬಾಗಿಲು ಹಾಕಿದ ಒಂದು ಕಂಪನಿಯಿಂದ ಕೊಂಡದ್ದು. ಯಾವ ಕಾಲದ್ದು ಅಂತ ಅದರ ಮೇಲೆ ಬರೆದಿಲ್ಲ. ಹಂಗಾಗಿ ನಾನು ಬೇರೆ ದಾರಿ ಹಿಡಿದೆ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿ, ಒಂದೊಂದೇ ಕೀಲಿ ಒತ್ತಿ, ಎಲ್ಲವನ್ನೂ ಸ್ಪ್ರೆಡ್‌ಶೀಟಿನಲ್ಲಿ ಬರೆದೆ. ನನ್ನ ಕೆಲಸವೇ ಅದು, ಲಾಗ್ ನೋಡಿ ದೋಷ ಹುಡುಕುವುದು. ಈಗಿನ ಲೆಕ್ಕದಲ್ಲಿ 440 ಹರ್ಟ್ಸ್ ಇರಬೇಕಾದ ಕೀಲಿ 452ರಲ್ಲಿ ಮಿಡಿಯುತ್ತಿತ್ತು. ಅಂದರೆ ಹೆಚ್ಚುಕಡಿಮೆ ಅರ್ಧ ಮನೆಯಷ್ಟು ಮೇಲೆ. ಇದಕ್ಕಿಂತ ಮುಖ್ಯ ಸಂಗತಿ ಬೇರೆ ಇತ್ತು: ಹನ್ನೆರಡೂ ಸ್ವರಗಳು ಸುಮಾರು ಅಷ್ಟೇ ಮೇಲಿದ್ದವು. ಹಳೆಯದಾಗಿ, ಧೂಳು ತಿಂದು, ತುಕ್ಕು ಹಿಡಿದು ಕೆಟ್ಟಿದ್ದರೆ ಒಂದು ರೀಡು ಮೇಲೆ, ಒಂದು ಕೆಳಗೆ ಹೋಗಬೇಕಿತ್ತು. ಎಲ್ಲವೂ ಒಂದೇ ಅಳತೆಗೆ ಮೇಲಿವೆ ಅಂದರೆ ಅದು ಕೆಟ್ಟದ್ದಲ್ಲ. ಮಾಡಿದವರು ಹಂಗೇ ಮಾಡಿದ್ದರು.

ಯಾಕೆ ಹಂಗೆ? ಉತ್ತರ ಯುರೋಪಿನಲ್ಲಿದೆ. ಹಾರ್ಮೋನಿಯಂ ಅಲ್ಲಿಯದೇ, ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಂ 1842ರಲ್ಲಿ ಆ ಹೆಸರಿಗೆ ಪೇಟೆಂಟ್ ಪಡೆದ. ಆ ಕಾಲದಲ್ಲಿ ಯುರೋಪಿನಲ್ಲೇ ಸ್ವರಕ್ಕೆ ಒಂದು ಗಟ್ಟಿ ಅಳತೆ ಇರಲಿಲ್ಲ. ಒಂದು ಊರಿನ ಮಧ್ಯಮ ಇನ್ನೊಂದು ಊರಿಗೆ ಏರಿದಂತೆ ಕೇಳುತ್ತಿತ್ತು. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ 435 ಹರ್ಟ್ಸ್ ಅಂತ ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಮಾತ್ರ 452ರ ಆಸುಪಾಸಿನ ಏರು ಶ್ರುತಿ ಬಹಳ ದಿನ ನಡೆಯಿತು. ಆರ್ಕೆಸ್ಟ್ರಾಗಳು ಅದನ್ನು ಬಿಟ್ಟ ಮೇಲೂ ಮಿಲಿಟರಿ ಬ್ಯಾಂಡುಗಳು 20ನೇ ಶತಮಾನದ ಮೊದಲ ದಶಕಗಳವರೆಗೆ ಬಿಡಲಿಲ್ಲ. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ 440 ಅಂತ ಒಪ್ಪಿದರು. 1955ರಲ್ಲಿ ಅದು ಅಂತರರಾಷ್ಟ್ರೀಯ ಮಾನಕ ಆಯಿತು. ಈಗ ನಮ್ಮ ಫೋನಿನ ಆ್ಯಪು, ತಂಬೂರಿ ಪೆಟ್ಟಿಗೆ, ಕೀಬೋರ್ಡು, ಅಂಗಡಿಯ ಕೊಳಲು ಎಲ್ಲವೂ 440ಕ್ಕೆ ಕಟ್ಟಿಬಿದ್ದಿವೆ. ನಮ್ಮ ಸಂಘದ ಪೇಟಿಯ 452 ಆ ಹಳೆಯ ಏರು ಶ್ರುತಿಗೆ ಸರಿಯಾಗಿ ಹೊಂದುತ್ತದೆ. ಬಡಿಗೇರ ಅಜ್ಜನಿಗೆ ಈ ಸುದ್ದಿ ಯಾವುದೂ ಬೇಕಿರಲಿಲ್ಲ. ಪೇಟಿ ಎದುರಿಗಿತ್ತು, ಅದಕ್ಕೆ ಕೂಡುವ ಹಂಗೆ ಕಡೆದು ಕೊಟ್ಟಿದ್ದರು.

ಹಂಗಾದರೆ ಪೇಟಿಯನ್ನೇ 440ಕ್ಕೆ ಇಳಿಸಬಾರದೇಕೆ? ಇಳಿಸಬಹುದು. ಹಿತ್ತಾಳಿ ರೀಡಿನ ಬುಡದ ಕಡೆ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಆದರೆ ಮೂರು ಸಪ್ತಕದ ಪೇಟಿಯಲ್ಲಿ 37 ಕೀಲಿ, ಜೋಡಿ ರೀಡು ಅಂದರೆ 74. ಒಂದೊಂದನ್ನೂ ಅರ್ಧ ಮನೆ ಇಳಿಸುವಷ್ಟು ಕೆರೆದರೆ ಅವು ತೆಳುವಾಗುತ್ತವೆ, ದನಿ ಸೊರಗುತ್ತದೆ, ಮುರಿಯಲೂಬಹುದು. ಕೆರೆದದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ. ಸಾಫ್ಟ್‌ವೇರಿನವರ ಮಾತಲ್ಲಿ ಹೇಳಬೇಕೆಂದರೆ, ಬ್ಯಾಕಪ್ ಇಲ್ಲದೆ ಡೇಟಾಬೇಸ್ ಅಳಿಸಿದ ಹಾಗೆ. ದೊಡ್ಡಪ್ಪ ಹೇಳಿದ್ದು ಇದನ್ನೇ: "ಪೇಟಿ ಏನ್ ತಪ್ಪ ಮಾಡೇತೋ? ಹೊಸಾದು ಬಂದದ್ದು ಕೊಳಲ. ಹೊಸಾದು ಹಳೇದಕ್ಕ ಕೂಡಬೇಕು."

ಈಗ ಕೊಳಲಿನ ಲೆಕ್ಕ. ಎಲ್ಲ ತೂತು ಮುಚ್ಚಿ ಊದಿದಾಗ ಬರುವುದು ಮಂದ್ರ ಪಂಚಮ. ಆಗ ಊದುವ ತೂತಿನಿಂದ ತುದಿಯವರೆಗಿನ ಗಾಳಿಯ ಕಂಬ ಆ ಸ್ವರದ ಅರ್ಧ ತರಂಗದಷ್ಟು ಉದ್ದ. ಕರಿ ಒಂದರ ಮಧ್ಯಮ ಗಾತ್ರದ ಕೊಳಲಿಗೆ ಆ ಪಂಚಮ 415 ಹರ್ಟ್ಸ್. ಶಬ್ದದ ವೇಗ ಸೆಕೆಂಡಿಗೆ 346 ಮೀಟರ್ ಹಿಡಿದರೆ ಉದ್ದ ಸುಮಾರು 41.7 ಸೆಂಟಿಮೀಟರ್. ಅದರ ಮೇಲಿನ ಬಿಳಿ ಎರಡಕ್ಕೆ 39.3. ಒಂದು ಮನೆಯಿಂದ ಪಕ್ಕದ ಮನೆಗೆ ಹತ್ತಿರ ಹತ್ತಿರ ಒಂದು ಇಂಚು. ನಮ್ಮ ಪೇಟಿಗೆ ಬೇಕಾದದ್ದು 40.6. ಇಷ್ಟು ದಿನದ ತಲೆನೋವು ಒಂದು ಸೆಂಟಿಮೀಟರ್ ಚಿಲ್ಲರೆಯದು!

ಒಂದು ಸೆಂಟಿಮೀಟರ್ ತಾನೆ, ಕರಿ ಒಂದರ ಕೊಳಲಿನ ತುದಿ ಕೊಯ್ದರಾಯಿತು ಅಂತ ನೀವು ಅನ್ನಬಹುದು. ನಾನೂ ಅಂದುಕೊಂಡಿದ್ದೆ. ಕೊಯ್ದೂ ನೋಡಿದೆ, ಕೊಳಲು ಹಾಳಾಯಿತು. ತುದಿ ಕೊಯ್ದರೆ ಎಲ್ಲ ತೂತು ಮುಚ್ಚಿದಾಗಿನ ಪಂಚಮ ಮಾತ್ರ ಏರುತ್ತದೆ. ಉಳಿದ ಸ್ವರಗಳು ತಮ್ಮ ತೂತು ಎಲ್ಲಿದೆಯೋ ಅಲ್ಲೇ ಇರುತ್ತವೆ. ಕೊಳಲು ಚಿಕ್ಕದಾಗಬೇಕೆಂದರೆ ಎಲ್ಲ ತೂತುಗಳೂ ಅದೇ ಪ್ರಮಾಣದಲ್ಲಿ ಊದುವ ತೂತಿನ ಕಡೆ ಸರಿಯಬೇಕು. ಕೊಳಲು ಮಾಡುವವರ ಹತ್ತಿರ ಒಂದೊಂದು ಪಟ್ಟಿಗೆ ಒಂದೊಂದು ಅಳತೆ ಕಡ್ಡಿ ಇರುತ್ತದೆ. ಕಡ್ಡಿ ಇಟ್ಟು ಗುರುತು ಹಾಕಿ ತೂತು ಸುಡುತ್ತಾರೆ. ನಡುವಿನ ಪಟ್ಟಿಗೆ ಕಡ್ಡಿ ಇಲ್ಲ. ಒಂದೇ ಒಂದು ಕೊಳಲಿಗಾಗಿ ಹೊಸ ಕಡ್ಡಿ ಮಾಡಿ, ನಾಲ್ಕು ಬಿದಿರು ಕೆಡಿಸಿ, ಐದನೆಯದು ಕೊಡಲು ಯಾರಿಗೆ ಪುರಸೊತ್ತು? ಅವರದ್ದೂ ತಪ್ಪಲ್ಲ.

ಕೊಳಲಿಗೆ ಇಂಥ ತಂಟೆ ಇಂದಿನದಲ್ಲ ಅಂತ ಗೊತ್ತಾದದ್ದು 'ಸಂಗೀತ ರತ್ನಾಕರ' ನೋಡಿದಾಗ. ಬರೆದ ಶಾರ್ಙ್ಗದೇವ 13ನೇ ಶತಮಾನದವನು. ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿ. ನಮ್ಮ ಮಲಪ್ರಭಾ ಸೀಮೆಯೂ ಆಗ ಅದೇ ಯಾದವರ ಕೈಯಲ್ಲಿತ್ತು. ಲೆಕ್ಕದ ಮನುಷ್ಯ ಕೊಳಲಿನ ಬಗ್ಗೆ ಬರೆದರೆ ಹೆಂಗಿರುತ್ತದೋ ಹಂಗೇ ಇದೆ. ಊದುವ ತೂತಿಗೂ ಅದರ ಹತ್ತಿರದ ಸ್ವರದ ತೂತಿಗೂ ನಡುವೆ ಎಷ್ಟು ಅಂಗುಲ ಅನ್ನುವುದರ ಮೇಲೆ ಕೊಳಲುಗಳಿಗೆ ಹೆಸರಿಟ್ಟಿದ್ದಾನೆ. ಒಂದು ಅಂಗುಲದ್ದು ಏಕವೀರ, ಎರಡರದ್ದು ಉಮಾಪತಿ, ಮೂರರದ್ದು ತ್ರಿಪುರುಷ, ನಾಲ್ಕು ಚತುರ್ಮುಖ, ಐದು ಪಂಚವಕ್ತ್ರ, ಆರು ಷಣ್ಮುಖ, ಏಳು ಮುನಿ, ಎಂಟು ವಸು. ಹನ್ನೊಂದು ರುದ್ರ, ಹನ್ನೆರಡು ಆದಿತ್ಯ. ಅದಕ್ಕೂ ಉದ್ದದ ಮನು, ಕಲಾನಿಧಿ ಬೇರೆ. ಹೆಸರಿನಲ್ಲೇ ಸಂಖ್ಯೆ ಅಡಗಿದೆ. ನಾವು ಕರಿ ಒಂದು, ಬಿಳಿ ಎರಡು ಅನ್ನುವ ಬದಲು ಅವರು ರುದ್ರ, ಆದಿತ್ಯ ಅನ್ನುತ್ತಿದ್ದರು, ಅಷ್ಟೇ ಫರಕು.

ಅದೇ ಗ್ರಂಥದಲ್ಲಿ ಕೊಳಲನ್ನು ಯಾತರಿಂದ ಮಾಡಬಹುದು ಅನ್ನುವ ಪಟ್ಟಿಯೂ ಇದೆ. ಬಿದಿರು, ಖದಿರ ಅಂದರೆ ನಮ್ಮ ಕಗ್ಗಲಿ ಮರ, ಆನೆ ದಂತ, ಶ್ರೀಗಂಧ, ರಕ್ತಚಂದನ, ಕಬ್ಬಿಣ, ಕಂಚು, ಬೆಳ್ಳಿ, ಬಂಗಾರ. ಅಂದರೆ ಮರದ ಕೊಳಲು ನಮ್ಮಲ್ಲಿ ವಿಚಿತ್ರವೇನಲ್ಲ. ಬಿದಿರು ಸುಮ್ಮನೆ ಸಿಗುತ್ತದೆ, ಒಳಗೆ ತೂತು ದೇವರೇ ಕೊರೆದಿಟ್ಟಿದ್ದಾನೆ, ಅದಕ್ಕೇ ಅದು ಗೆದ್ದಿತು. ಆದರೆ ಬಿದಿರಿನ ತೂತಿನ ಅಗಲ ನಮ್ಮ ಕೈಯಲ್ಲಿಲ್ಲ. ಮರದಲ್ಲಿ ಅದೂ ನಮ್ಮ ಕೈಯಲ್ಲೇ.

ಹೊಸ ಪಟ್ಟಿಯ ಕೊಳಲಿಗಾಗಿ ಒದ್ದಾಡಿದವರಲ್ಲಿ ದೊಡ್ಡ ಹೆಸರು ಪನ್ನಾಲಾಲ್ ಘೋಷ್ ಅವರದು. 1911ರಲ್ಲಿ ಬಾರಿಸಾಲಿನಲ್ಲಿ ಹುಟ್ಟಿದ ಅವರಿಗೆ ಖಯಾಲ್ ಗಾಯನದ ಮಂದ್ರ ಗಾಂಭೀರ್ಯ ಕೊಳಲಿನಲ್ಲಿ ಬೇಕಾಗಿತ್ತು. ಆಗಿದ್ದ ಕೊಳಲುಗಳೆಲ್ಲ ಚಿಕ್ಕವು. ಮರ, ಲೋಹ ಮುಂತಾಗಿ ಏನೇನೋ ಪ್ರಯೋಗ ಮಾಡಿ ಕೊನೆಗೆ ಸುಮಾರು 32 ಇಂಚಿನ ಬಿದಿರಿಗೆ ಬಂದು ನಿಂತರು. ಬೇಕಾದದ್ದು ಪೇಟೆಯಲ್ಲಿ ಸಿಗದೆ ಇದ್ದಾಗ ತಾವೇ ಮಾಡುತ್ತಾ ಕೂತರು. ಅವರ ಶಿಷ್ಯ ಮತ್ತು ಅಳಿಯ ದೇವೇಂದ್ರ ಮುರ್ಡೇಶ್ವರ ನಮ್ಮ ಸವಣೂರಿನಲ್ಲಿ ಹುಟ್ಟಿದವರು. ಪನ್ನಾಲಾಲ್ ಅವರ ಉದ್ದ ಕೊಳಲು ಕೇಳಿಯೇ ದಕ್ಷಿಣದ ಎನ್. ರಮಣಿ ಕರ್ನಾಟಕ ಸಂಗೀತಕ್ಕೆ ಉದ್ದ ಕೊಳಲು ತಂದರು. ನಮ್ಮ ಕಡೆಯ ಪ್ರವೀಣ ಗೋಡಖಿಂಡಿಯವರಂತೂ ಎಂಟು ಅಡಿಯ ಕೊಳಲಿನವರೆಗೆ ಹೋಗಿದ್ದಾರೆ. ಅವರೂ ಎಂಜಿನಿಯರಿಂಗ್ ಓದಿದವರು ಅಂತ ನಮ್ಮಂಥವರಿಗೆ ಒಂದು ಸಣ್ಣ ಹೆಮ್ಮೆ.

ಆದರೆ ನನಗೆ ಇನ್ನೂ ಹತ್ತಿರ ಅನ್ನಿಸಿದ್ದು ಕೃಷ್ಣಾಜಿ ಬಲ್ಲಾಳ ದೇವಲರ ಕಥೆ. ಗಡಿಯಾಚೆ ಸಾಂಗ್ಲಿಯವರು, ನಿವೃತ್ತ ಡೆಪ್ಯೂಟಿ ಕಲೆಕ್ಟರ್. ನಮ್ಮ ಹಾಡುಗಾರರ ಸೂಕ್ಷ್ಮ ಶ್ರುತಿಗಳು ಹಾರ್ಮೋನಿಯಮ್ಮಿನ ಹನ್ನೆರಡು ಕೀಲಿಯಲ್ಲಿ ಇಲ್ಲ ಅನ್ನುವುದು ಅವರ ಕೊರಗು. ಅಬ್ದುಲ್ ಕರೀಂ ಖಾನರ ಹಾಡಿಕೆ ಕೇಳಿ, ಅಳೆದು, 1910ರಲ್ಲಿ 22 ಶ್ರುತಿಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಐ.ಸಿ.ಎಸ್. ಅಧಿಕಾರಿ ಕ್ಲೆಮೆಂಟ್ಸ್ ಜೊತೆಯಾದರು. 22 ಶ್ರುತಿ ನುಡಿಸುವ ಪೇಟಿ ಮಾಡುವವರು ಇಲ್ಲಿ ಎಲ್ಲಿ ಸಿಗಬೇಕು? ಕೊನೆಗೆ ಮಾಡಿಕೊಟ್ಟದ್ದು ಲಂಡನ್ನಿನ ಮೂರ್ ಅಂಡ್ ಮೂರ್. 1916ರಲ್ಲಿ ಬರೋಡಾದಲ್ಲಿ ನಡೆದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಆ ಶ್ರುತಿ ಹಾರ್ಮೋನಿಯಂ ಇಟ್ಟರು. ಹಾಡುಗಾರರು ಒಪ್ಪಲಿಲ್ಲ. ಲೆಕ್ಕ ಒಂದು ಹೇಳಿತು, ಕಿವಿ ಇನ್ನೊಂದು ಹೇಳಿತು. ಮುಂದೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ಇತ್ತು. ಅಷ್ಟೂ ವರ್ಷ ನಮ್ಮ ನಾಟಕದವರು ಆ ಗೊಡವೆಯೇ ಇಲ್ಲದೆ ಪೇಟಿ ತುಳಿಯುತ್ತಲೇ ಇದ್ದರು.

ದೇವಲರ ಕಥೆ ಓದಿದ ಮೇಲೆ ನನ್ನ ತಪ್ಪು ತಿಳಿಯಿತು. ನಾನು ಎಲ್ಲರಿಗೂ ಹರ್ಟ್ಸ್ ಕಳಿಸುತ್ತಿದ್ದೆ, ಪಿಡಿಎಫ್ ಕಳಿಸುತ್ತಿದ್ದೆ. ಬೇಕಾಗಿದ್ದದ್ದು ಪೇಟಿ ಪಕ್ಕ ಬಂದು ಕೂಡುವ ಮನುಷ್ಯ. ಮೀರಜಿನಲ್ಲಿ ತಂಬೂರಿ ಮಾಡುವ ಮನೆತನಗಳ ಹಿರಿಯರು ಮೊದಲು ಆಯುಧ ಮಸೆಯುವ ಶಿಕಲಗಾರರಾಗಿದ್ದರು. 19ನೇ ಶತಮಾನದಲ್ಲಿ ಒಬ್ಬ ವಾದಕನ ವಾದ್ಯ ರಿಪೇರಿಗೆ ಬಂತು, ಕೈ ಹಾಕಿದರು, ಅಲ್ಲಿಂದ ಶುರು ಅಂತ ಹೇಳುತ್ತಾರೆ. 2024ರಲ್ಲಿ ಅವರ ಸಿತಾರ, ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ವಾದ್ಯ ಮಾಡುವವರು ಆಕಾಶದಿಂದ ಇಳಿಯುವುದಿಲ್ಲ. ಕೈಗೆಲಸ ಬಲ್ಲವನ ಮುಂದೆ ಯಾರಾದರೂ ಒಡೆದ ವಾದ್ಯ ತಂದು ಇಡಬೇಕು.

ಮುಂದಿನ ಬನಶಂಕರಿ ಜಾತ್ರೆಗೆ ಒಡೆದ ಕೊಳಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಾಗಿಲು ಪೇಟೆಗೆ ಹೋದೆ. ಸಾಲುಸಾಲು ಚೌಕಟ್ಟು, ಹೊಸ ಕಟ್ಟಿಗೆಯ ವಾಸನೆ. ನಾಲ್ಕೈದು ಕಡೆ ತೋರಿಸಿದೆ. "ಇದು ನಮ್ಮ ಕೆಲಸಲ್ರಿ" ಅಂದರು. ಒಬ್ಬ ಹಿರಿಯರು ಮಾತ್ರ ಕೊಳಲು ಕೈಗೆ ತಗೊಂಡು ಜೋಡು ಬಿಚ್ಚಿ, ಒಳಗೆ ಬೆಳಕು ಹಾಯಿಸಿ ನೋಡಿದರು. "ಸನಾದಿ ಕಡದವನ ಕೈ ಇದು" ಅಂದರು. ಅವರ ತಂದೆಯೂ ಸನಾದಿ ಕಡೆಯುತ್ತಿದ್ದರಂತೆ. ನಾನು 40.6 ಸೆಂಟಿಮೀಟರ್ ಅಂತ ಶುರು ಮಾಡಿದೆ. ಅವರು ಕೈ ಎತ್ತಿ ತಡೆದು, "ಅದೆಲ್ಲಾ ಇರಲಿ ತಮ್ಮಾ, ಪೇಟಿ ಎಲ್ಲೈತಿ?" ಅಂದರು. ಇಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಜಾತ್ರೆ ಮುಗಿಸಿಕೊಂಡು ನಮ್ಮ ಮನೆಗೆ ಬಂದರು. ಶೀಸಮ್ ಮರದ ಎರಡು ತುಂಡು ತಂದಿದ್ದರು, ಒಳಗಿನ ತೂತು ಆಗಲೇ ಕೊರೆದು ಅಗಸಿ ಎಣ್ಣಿ ಕುಡಿಸಿದ್ದರು. ಒಡೆದ ಕೊಳಲು ಪಕ್ಕಕ್ಕಿಟ್ಟು ಗುರುತು ಹಾಕಿದರು. ತೂತುಗಳನ್ನು ಬೇಕಾದ್ದಕ್ಕಿಂತ ಸಣ್ಣದಾಗಿ ಕೊರೆದರು. ಸಣ್ಣ ತೂತಿನ ಸ್ವರ ಕೆಳಗಿರುತ್ತದೆ. ಅಗಲ ಮಾಡಿದ ಹಾಗೆ ಏರುತ್ತದೆ. ದೊಡ್ಡಪ್ಪ ಒಂದು ಕೀಲಿ ಹಿಡಿಯುವುದು, ಹುಡುಗ ಊದುವುದು, ಅವರು ಸ್ವಲ್ಪ ಕೆರೆಯುವುದು. ಮತ್ತೆ ಕೀಲಿ, ಮತ್ತೆ ಊದು, ಮತ್ತೆ ಕೆರೆ. ಎರಡು ದಿನ ಹಿಡಿಯಿತು. ನನ್ನ ಆ್ಯಪಿನ ಕಡೆ ಯಾರೂ ನೋಡಲಿಲ್ಲ. ಮೂರು ಜನ ಮಾತಾಡಿದ್ದೂ ಕಡಿಮೆ. "ಹಾಂ", "ಇನ್ನ ಚೂರು", "ಸಾಕು", ಇಷ್ಟೇ.

ಏಪ್ರಿಲ್‌ನಲ್ಲಿ ಊರ ಜಾತ್ರೆಯ ನಾಟಕಕ್ಕೆ ತಾಲೀಮು ಶುರುವಾದಾಗ ಮತ್ತೊಂದು ಪೇಚು. ಮಧ್ಯಾಹ್ನದ ಸೆಕೆಯಲ್ಲಿ ಕೊಳಲು ಪೇಟಿಗಿಂತ ಏರುತ್ತಿತ್ತು. ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ. 15 ಡಿಗ್ರಿಯಿಂದ 35 ಡಿಗ್ರಿಗೆ ಹೋದರೆ ಶೇಕಡಾ ಮೂರೂವರೆಯಷ್ಟು. ಊದುವ ಉಸಿರೇ ಒಳಗಿನ ಗಾಳಿ ಬಿಸಿ ಮಾಡುವುದರಿಂದ ಅಷ್ಟು ಫರಕು ಬರುವುದಿಲ್ಲ, ಆದರೂ ಕಿವಿಗೆ ತಿಳಿಯುವಷ್ಟು ಬರುತ್ತದೆ. ಹಿತ್ತಾಳಿ ರೀಡು ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಫೋನಿನಲ್ಲಿ ಇದನ್ನು ಹಿರಿಯರಿಗೆ ವಿವರಿಸಿದೆ. ಅವರು ಎಲ್ಲ ಕೇಳಿ, "ಅದಕ್ಕ ಜೋಡ ಮಾಡೇನಲ್ಲೋ. ಬ್ಯಾಸಗ್ಯಾಗ ಚೂರು ಹೊರಗ ಎಳಕೋರಿ, ಚಳಿಗಾಲಕ್ಕ ಒಳಗ ತಳ್ಳರಿ" ಅಂದರು. ಜೋಡು ಎಳೆದರೆ ಕೊಳವೆ ಉದ್ದವಾಗಿ ಸ್ವರ ಇಳಿಯುತ್ತದೆ. ಒಂದೆರಡು ಮಿಲಿಮೀಟರ್ ಎಳೆದರೆ ಸ್ವರಗಳ ಸಂಬಂಧ ಕೆಡುವುದಿಲ್ಲ. ಹಳೆಯ ಕೊಳಲಿಗೂ ಜೋಡು ಇದ್ದದ್ದು ಯಾಕೆ ಅಂತ ಆಗ ಹೊಳೆಯಿತು.

ನಾಟಕ ಆಯಿತು. ಕೊಳಲಿನ ಮಂದ್ರ ಪಂಚಮ ಇನ್ನೂ ಚೂರು ಸಪ್ಪೆ ಅಂತ ದೊಡ್ಡಪ್ಪನ ತಕರಾರು ಇದೆ. ಹುಡುಗ ಪರೀಕ್ಷೆ ಮುಗಿಸಿ ಮತ್ತೆ ಸಾಧನೆ ಮಾಡುತ್ತಿದ್ದಾನೆ. ಆ ಹಿರಿಯರು ನಮ್ಮ ಕೊಳಲಿನ ಅಳತೆಯನ್ನು ಒಂದು ಕಟ್ಟಿಗೆ ಪಟ್ಟಿಯ ಮೇಲೆ ಕೊರೆದು ಇಟ್ಟುಕೊಂಡಿದ್ದಾರೆ. ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವಿನ ಪಟ್ಟಿಗೆ ಈಗ ಒಂದು ಅಳತೆ ಕಡ್ಡಿ ಇದೆ.

ಕೊನೆಗೆ ನಿಮಗೊಂದು ಮಾತು. ನಿಮ್ಮ ಮನೆಯಲ್ಲೋ, ಭಜನಿ ಮಠದಲ್ಲೋ, ಮುಚ್ಚಿದ ನಾಟಕ ಸಂಘದ ಕೋಣೆಯಲ್ಲೋ ಹಳೆಯ ಪೇಟಿ ಇದ್ದರೆ, ಶ್ರುತಿ ತಪ್ಪಿದೆ ಅಂತ ಕೆರೆಸುವ ಮೊದಲು ಒಂದು ಕೆಲಸ ಮಾಡ್ರಿ. ಎಡದಿಂದ ಬಲಕ್ಕೆ ಒಂದೊಂದೇ ಕೀಲಿ ಒತ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ರಿ. ಐದು ನಿಮಿಷದ ಕೆಲಸ. ಎಲ್ಲ ಸ್ವರಗಳೂ ಒಂದೇ ಅಳತೆಗೆ ಮೇಲೋ ಕೆಳಗೋ ಇದ್ದರೆ ಅದು ಕೆಟ್ಟಿಲ್ಲ, ಬೇರೆ ಕಾಲದ್ದು ಅಷ್ಟೇ. ನಿಮ್ಮ ಅಜ್ಜ ಅಜ್ಜಿ ಹಾಡಿದ್ದು ಆ ಶ್ರುತಿಯಲ್ಲಿ. ಒಮ್ಮೆ ಕೆರೆದ ಮೇಲೆ ಅದು ಎಲ್ಲಿತ್ತು ಅಂತ ಹೇಳುವವರು ಯಾರೂ ಉಳಿಯುವುದಿಲ್ಲ.